ಪ್ರಶ್ನೆಪತ್ರಿಕೆ ಇತ್ತಾ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬ್ರಹ್ಮಾವರದ ನಮ್ಮ ಮನೆಗೆ ಬಂದಿದ್ದ. ಈಗ ಅವನೂ ಕಾಲೇಜು ಅಧ್ಯಾಪಕ. ವಿಶ್ವವಿದ್ಯಾನಿಲಯದ ಪರೀಕ್ಷಾ ಸ್ಕ್ವಾಡಿಗೆ ಅವನ ಹೆಸರು ಹಾಕಿದ್ದಾರಂತೆ. ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು ಸರ್ ಎಂದು ಕೇಳಿದ. ಪ್ರಾಮಾಣಿಕತೆ, ನಿಷ್ಠೆ ಇಂಥದ್ದೇನಾದರೂ ಹೇಳುತ್ತೇನೆ ಅಂದುಕೊಂಡಿದ್ದನೋ ಏನೋ. ಅನುಮಾನ ಬೇಕು ಅಂದೆ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಅದು ಕೇಳಿಸಿತು. ಅದು ನಮ್ಮಲ್ಲಿ ಬೇಕಾದಷ್ಟಿದೆ, ಒಂದು ಡಬ್ಬಿ ತುಂಬಿಸಿ ಕೊಡುತ್ತೇನೆ, ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗು ಅಂದಳು. ಅವನು ನಕ್ಕ. ನಾನು ನಗಲಿಲ್ಲ, ಯಾಕೆಂದರೆ ನಾನು ತಮಾಷೆಗೆ ಹೇಳಿದ್ದಲ್ಲ. ಅವನಿಗೆ ಅವತ್ತು ಪೂರ್ತಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕನ್ನಡ ಅಧ್ಯಾಪಕ. ಕುಂದಾಪುರದ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡಿಕೊಂಡೇ ತೊಂಬತ್ತೇಳರಿಂದ ನಿವೃತ್ತಿಯ ತನಕ ಪರೀಕ್ಷೆಯ ಕೆಲಸಗಳಿಗೆ ಓಡಾಡಿದವನು. ಮೊದಲು ಸ್ಕ್ವಾಡು, ಆಮೇಲೆ ಮೌಲ್ಯಮಾಪನ, ಕೊನೆಗೆ ಪರೀಕ್ಷಾ ಅಕ್ರಮಗಳ ವಿಚಾರಣಾ ಸಮಿತಿ. ನಡುವೆ ವಿಭಾಗದ ಮುಖ್ಯಸ್ಥನಾದೆ, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಹುಡುಗರು ನನಗಿಟ್ಟ ಹೆಸರು ಡೌಟ್ ಮಾಷ್ಟ್ರು. ಅದನ್ನು ಬಿರುದು ಅಂತಲೇ ಇಟ್ಟುಕೊಂಡಿದ್ದೇನೆ.

ಮೊದಲ ವರ್ಷದ ಸ್ಕ್ವಾಡಿಗೆ ಬಾಡಿಗೆ ಜೀಪು ಕೊಟ್ಟಿದ್ದರು. ಬ್ರಹ್ಮಾವರದಿಂದ ಬೈಂದೂರಿನ ತನಕ ಯಾವ ಕಾಲೇಜಿಗೆ ಯಾವಾಗ ಹೋದರೂ ಪರೀಕ್ಷಾ ಕೊಠಡಿ ದೇವರ ಕೋಣೆಯ ಹಾಗೆ ಶಾಂತ. ಒಬ್ಬನೂ ಕತ್ತು ತಿರುಗಿಸುತ್ತಿರಲಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ, ಗೋಳಿಬಜೆ. ನನ್ನ ಜೊತೆಗಿದ್ದ ಹಿರಿಯರು ಎಷ್ಟು ಶಿಸ್ತು ಎಂದು ಮೆಚ್ಚಿಕೊಂಡು ತಿನ್ನುತ್ತಿದ್ದರು. ನನಗೆ ಆ ಗೋಳಿಬಜೆಯೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದು ಬಿಸಿಯಾಗಿತ್ತು. ಹೇಳದೇ ಕೇಳದೇ ಬಂದವರಿಗೆ ಬಿಸಿ ಗೋಳಿಬಜೆ ಸಿಗಬೇಕಾದರೆ ಹಿಟ್ಟನ್ನು ಎಣ್ಣೆಗೆ ಬಿಡುವ ಮೊದಲೇ ನಾವು ಬರುವ ಸುದ್ದಿ ಅಲ್ಲಿಗೆ ತಲುಪಿರಬೇಕು. ನಮ್ಮ ಡ್ರೈವರ್ ಪ್ರತಿ ಸಲ ಎಲೆಯಡಿಕೆಗೆ ಎಂದು ಗಾಡಿ ನಿಲ್ಲಿಸುತ್ತಿದ್ದುದು ಎಸ್‌ಟಿಡಿ ಬೂತಿನ ಎದುರಿಗೇ ಎಂಬುದನ್ನು ಆಮೇಲೆ ಗಮನಿಸಿದೆ.

ಮುಂದಿನ ಪರೀಕ್ಷೆಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ನಾವುಂದ ಎಂಬ ಊರು ದಾಟಿ ಇಳಿದು, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಯಾರೋ ವಿದ್ಯಾರ್ಥಿಯ ತಂದೆಯ ಹಾಗೆ ಕಾಲೇಜಿನ ಗೇಟು ದಾಟಿದೆ. ಕಿಟಕಿಯ ಹೊರಗೆ ನಿಂತು ಒಳಗೆ ಚೀಟಿ ಎಸೆಯುತ್ತಿದ್ದವರು ನನ್ನನ್ನು ಕಂಡು, ಇವರ ಮಗ ಯಾವ ಬೆಂಚೋ ಎಂಬಂತೆ ಸ್ವಲ್ಪ ಜಾಗ ಬಿಟ್ಟುಕೊಟ್ಟರು. ನಾನು ಗುರುತಿನ ಚೀಟಿ ತೆಗೆದಾಗ ಜವಾನನ ಮುಖ ಇಳಿದುಹೋಯಿತು.

"ಹ್ವಾಯ್, ಸ್ಕ್ವಾಡ್ ಬಪ್ಪುದ್ ನಾಳೆ ಅಲ್ದಾ?" ಎಂದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಳೆ ಎಂದು ಅವನಿಗೆ ಹೇಳಿದವರು ಯಾರೋ, ಅವರ ಮೇಲೆ ಬಂತು. ವರದಿಯಲ್ಲಿ ಅದನ್ನೂ ಬರೆದೆ. ಚೀಟಿ ಎಸೆದವರ ಮೇಲೆ ಕ್ರಮ ಆಯಿತು, ಸುದ್ದಿ ಕೊಟ್ಟವರು ಯಾರೆಂದು ಕೊನೆಗೂ ಯಾರೂ ಕೇಳಲಿಲ್ಲ. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಇದು: ನಮ್ಮಲ್ಲಿ ಅನುಮಾನ ಯಾವಾಗಲೂ ಕೆಳಗೆ ಹರಿಯುತ್ತದೆ, ಮೇಲಕ್ಕೆ ಹತ್ತುವುದಿಲ್ಲ.

ಹಾಗಂತ ಕೆಳಗೆ ಹರಿದಾಗ ಸರಿಯಾಗಿ ಹರಿಯುತ್ತದೆ ಅಂತಲೂ ಅಲ್ಲ. ಒಂದು ವರ್ಷ ನಮ್ಮ ದಳದ ಮುಖ್ಯಸ್ಥರು ವಿಜ್ಞಾನದ ಪ್ರೊಫೆಸರರು, ಬಹಳ ಗಟ್ಟಿ ಮನುಷ್ಯ. ಒಬ್ಬ ಹುಡುಗಿ ಪದೇ ಪದೇ ಕೊರಳಿನ ತಾಯತ ಮುಟ್ಟಿಕೊಳ್ಳುತ್ತಿದ್ದಾಳೆ, ಅದರೊಳಗೆ ಚೀಟಿ ಇದೆ ಎಂದು ಅವರ ತೀರ್ಮಾನ. ನಾನು ಬೇಡ ಸರ್ ಅಂದರೂ ಕೇಳದೆ ತಾಯತವನ್ನು ತೆರೆಸಿದರು. ಒಳಗೆ ಸುರುಳಿ ಸುತ್ತಿದ ಒಂದು ತಗಡು, ಅದರ ಮೇಲೆ ಬೀಜಾಕ್ಷರ. ಪ್ರೊಫೆಸರರು ಅದನ್ನು ಬೆಳಕಿಗೆ ಹಿಡಿದು ಇದು ಯಾವ ಸಬ್ಜೆಕ್ಟ್ ಎಂದು ನನ್ನನ್ನೇ ಕೇಳಿದರು. ದೇವರನ್ನು ಡಿಬಾರ್ ಮಾಡುವುದೊಂದು ಬಾಕಿ ಇತ್ತು ಸರ್ ಅಂದೆ. ಅವರು ಆಮೇಲೆ ವಾರಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಆ ಹುಡುಗಿ ತೆರೆದ ತಾಯತವನ್ನು ಪಕ್ಕದಲ್ಲಿಟ್ಟುಕೊಂಡು ಉಳಿದ ಉತ್ತರಗಳನ್ನು ಬರೆದಳು.

ಉತ್ತರಪತ್ರಿಕೆಗಳನ್ನು ಅಧ್ಯಾಪಕರು ಮನೆಗೆ ಕಟ್ಟಿಕೊಂಡು ಹೋಗಿ ತಿದ್ದುತ್ತಿದ್ದ ಕಾಲವನ್ನೂ ನಾನು ಕಂಡಿದ್ದೇನೆ. ಆ ಕಾಲದಲ್ಲಿ ಕಟ್ಟು ಯಾರ ಮನೆಗೆ ಹೋಗಿದೆ ಎಂಬುದು ಗುಟ್ಟು ಅಂತ ಹೆಸರು, ಊರಿಗೆಲ್ಲ ಗೊತ್ತು. ನಾವು ಮೀನು ತಿನ್ನುವವರು. ಬಲೆ ತುಂಬಿ ಬಂದ ದಿನ ಪಕ್ಕದ ಮನೆಯವರು ಒಂದಿಷ್ಟು ಬಂಗುಡೆ ಕೊಡುವುದು ನಮ್ಮ ಕಡೆ ಪದ್ಧತಿ. ಅದನ್ನು ಲಂಚ ಅನ್ನುವವನು ಮೂರ್ಖ. ಆದರೆ ಕಟ್ಟು ನಮ್ಮ ಮನೆಯಲ್ಲಿದ್ದ ಒಂದು ಏಪ್ರಿಲಿನಲ್ಲಿ, ಮುಖಪರಿಚಯವೇ ಇಲ್ಲದ ಒಬ್ಬರು ಬೈಕಿನಲ್ಲಿ ಬಂದು, ಒಂದು ಇಡೀ ಅಂಜಲು ಮೀನನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಸುಮ್ಮನೆ ತಂದೆ ಅಂದರಂತೆ. ಅಷ್ಟು ದುಬಾರಿಯ ಅಂಜಲು ಸುಮ್ಮನೆ ಬರುವ ಮೀನಲ್ಲ. ಅದನ್ನು ಹಾಗೇ ಚೀಲಕ್ಕೆ ಹಾಕಿ, ಅವರನ್ನು ಹುಡುಕಿಕೊಂಡು ಹೋಗಿ ವಾಪಸು ಕೊಟ್ಟು ಬಂದೆ. ಆ ದಿನ ಮನೆಯಲ್ಲಿ ನನಗೆ ಬರೀ ತಿಳಿಸಾರು ಸಿಕ್ಕಿತು.

ಆಮೇಲೆ ಕೇಂದ್ರೀಯ ಮೌಲ್ಯಮಾಪನ ಬಂತು, ನೋಂದಣಿ ಸಂಖ್ಯೆ ಮುಚ್ಚಿ ಕೋಡು ಹಾಕುವುದು ಬಂತು. ಮಾಹಿತಿ ಹಕ್ಕು ಬಂದ ಮೇಲೆ ಹುಡುಗರು ತಮ್ಮ ಉತ್ತರಪತ್ರಿಕೆಯ ನಕಲು ಕೇಳುವಷ್ಟು ಧೈರ್ಯ ಮಾಡಿದರು. ನಕಲು ಕೊಡಬೇಕಾಗುತ್ತದೆ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಪುಟ ತಿರುಗಿಸಿ ಓದಲು ಶುರುಮಾಡಿದರು. ಕ್ಯಾಮೆರಾಗಳು ಬಂದವು. ಒಂದು ಕಾಲೇಜಿನಲ್ಲಿ ಕ್ಯಾಮೆರಾದ ಮುಖ ಫ್ಯಾನಿನ ಕಡೆಗಿತ್ತು. ಫ್ಯಾನು ನಕಲು ಹೊಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಗಾಳಿಗೆ ತಿರುಗಿದೆ ಅಂದರು. ಯಾವ ಹೊಸ ವ್ಯವಸ್ಥೆ ಬಂದರೂ ಅದನ್ನು ಯಾರ ಕೈಗೆ ಕೊಟ್ಟಿದ್ದಾರೆ ಎಂದು ನೋಡಿ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಈಗ ಮುಖ್ಯವಾದದ್ದನ್ನು ಹೇಳುತ್ತೇನೆ. ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ಬೈಂದೂರು ಕಡೆಯ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಅಂತಿಮ ಬಿ.ಎ. ಪರೀಕ್ಷೆಯ ಒಂದು ಪ್ರಶ್ನೆಪತ್ರಿಕೆ ಹಿಂದಿನ ಸಂಜೆಯೇ ಹೊರಬಿದ್ದಿತ್ತು. ಕುಂದಾಪುರದ ಒಂದು ಟ್ಯೂಶನ್ ಕ್ಲಾಸಿನಲ್ಲಿ ಮುಖ್ಯ ಪ್ರಶ್ನೆಗಳು ಅಂತ ಬರೆಸಿದ್ದು, ಮರುದಿನ ಬಂದದ್ದು, ಎರಡೂ ಒಂದೇ. ಶ್ಯಾಮಲ ಎಂಬ ಹುಡುಗಿ ಪರೀಕ್ಷೆ ಮುಗಿದ ಕೂಡಲೇ ಟ್ಯೂಶನ್ನಿಗೆ ಹೋಗುವವರ ನೋಟ್ಸು ಕಂಡು, ಜಗಲಿಯಲ್ಲಿ ನಿಂತು ಇದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು. ಅವಳು ಉಪ್ಪುಂದದವಳು. ತಂದೆ ಇರಲಿಲ್ಲ. ತಾಯಿ ಗುಲಾಬಿ ಎಂಬವಳು ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರಿ ಮಗಳನ್ನು ಓದಿಸಿದ್ದಳು. ಟ್ಯೂಶನ್ನಿಗೆ ಕಳಿಸುವ ಶಕ್ತಿ ಅವಳಿಗಿರಲಿಲ್ಲ.

ಮಾತು ವಿಶ್ವವಿದ್ಯಾನಿಲಯದ ತನಕ ಹೋಯಿತು. ಅದರ ಹಿಂದೆಯೇ ಅಲ್ಲಿಗೆ ಹೆಸರು ಹೇಳದ ಒಂದು ಫೋನು ಹೋಯಿತು, ಪ್ರಶ್ನೆಪತ್ರಿಕೆ ಸಿಕ್ಕಿದ್ದು ಶ್ಯಾಮಲ ಎಂಬವಳಿಗೆ, ಹಂಚಿದವಳೂ ಅವಳೇ ಎಂದು. ವಿಚಾರಣೆ ನಡೆಯಿತು. ಸಮಿತಿಯ ಅಧ್ಯಕ್ಷರು ಘಟ್ಟದ ಮೇಲಿನವರು. ಪ್ರಾಮಾಣಿಕರು, ಅದರಲ್ಲಿ ನನಗೆ ಕೂಡ ಅನುಮಾನವಿಲ್ಲ. ಕಾಲೇಜಿನ ಪರವಾಗಿ ಅದರ ಪ್ರಿನ್ಸಿಪಾಲರು ಕೂತಿದ್ದರು. ಅವಳ ಹೇಳಿಕೆ ಬರೆದು ಸಹಿ ಹಾಕಿಸಿ, ಹುಡುಗಿ ತಪ್ಪೊಪ್ಪಿಕೊಂಡಿದ್ದಾಳೆ ಎಂದು ತೀರ್ಮಾನಿಸಿದರು. ಫಲಿತಾಂಶ ತಡೆಹಿಡಿದರು. ಇನ್ನೊಂದು ಸಭೆಯಲ್ಲಿ ಶಿಕ್ಷೆ ಖಾಯಂ ಆದರೆ ಪರೀಕ್ಷೆ ರದ್ದು, ಮುಂದಿನ ಪರೀಕ್ಷೆಗಳಿಗೂ ಕೂರುವ ಹಾಗಿಲ್ಲ. ಬಿ.ಎಡ್. ಮಾಡಿ ಟೀಚರ್ ಆಗಬೇಕು ಅಂದುಕೊಂಡಿದ್ದವಳು ತಾಯಿಯ ಹಾಗೆ ಬುಟ್ಟಿ ಹೊರಬೇಕು.

ಆ ಎರಡನೆಯ ಸಭೆಗೆ, ಒಬ್ಬ ಸದಸ್ಯರು ನಿವೃತ್ತರಾದ್ದರಿಂದ, ನನ್ನನ್ನು ಹಾಕಿದರು. ಹಿಂದಿನ ದಿನ ಕಡತ ಓದಿದೆ. ಪ್ರಶ್ನೆಪತ್ರಿಕೆ ನಿನ್ನ ಹತ್ತಿರ ಇತ್ತೇ ಎಂದು ಕೇಳಿದ್ದಾರೆ. ಇತ್ತು ಎಂದು ಉತ್ತರ. ಎಲ್ಲಿಂದ ಬಂತು ಎಂದರೆ ಹಾಲ್‌ನಲ್ಲಿ ಕೊಟ್ಟದ್ದು ಎಂದು ಉತ್ತರ. ಅದರ ಪಕ್ಕದಲ್ಲಿ, ನುಣುಚಿಕೊಳ್ಳುವ ಉತ್ತರ ಎಂದು ಷರಾ.

ನನಗೆ ಸರಿಕಾಣಲಿಲ್ಲ. ಹುಡುಗಿ ಒಳ್ಳೆಯವಳಿರಬೇಕು ಅನ್ನಿಸಿ ಅಲ್ಲ. ನಾನು ಕೂತ ಎಲ್ಲ ವಿಚಾರಣೆಗಳಲ್ಲೂ ಕದ್ದವರ ದಾರಿ ಒಂದೇ: ಮೊದಲು ಇಲ್ಲ, ಆಮೇಲೆ ಗೊತ್ತಿಲ್ಲ, ಕೊನೆಗೆ ಅಳು. ಇವಳು ಕೇಳಿದ ಕೂಡಲೇ ಇತ್ತು ಅಂದಿದ್ದಾಳೆ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಳ್ಳಿಯನ್ನು ನಾನು ಕಂಡಿರಲಿಲ್ಲ. ಆ ಉತ್ತರವನ್ನು ಬಾಯಿಬಿಟ್ಟು ಓದಿದೆ. ಅಧ್ಯಕ್ಷರು ಓದುವ ಹಾಗೆ ಒಮ್ಮೆ, ನಮ್ಮ ಅಮ್ಮ ಹೇಳುವ ಹಾಗೆ ಒಮ್ಮೆ. ಆಗ ತಲೆಗೆ ಹೊಳೆಯಿತು.

ನಮ್ಮ ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಅಂದರೆ 'ಇದೆ' ಅಂತ ಅರ್ಥ. ಅನ್ನ ಇತ್ತಾ ಎಂದು ಕೇಳಿದರೆ ಈಗ ಪಾತ್ರೆಯಲ್ಲಿ ಅನ್ನ ಇದೆಯಾ ಅಂತ. ಶಾಲೆಗೆ ಹೋದ ಮೇಲೂ ನಮ್ಮ ಮಕ್ಕಳಿಗೆ ಇದು ಬಿಡುವುದಿಲ್ಲ. ಕುಂದಾಪುರದ ಪಶ್ಚಿಮಕ್ಕೆ ಸಮುದ್ರ ಇತ್ತು ಎಂದು ಬರೆಯುತ್ತಾರೆ. ಈಗ ಅದು ಎಲ್ಲಿಗೆ ಹೋಯಿತು ಎಂದು ಕೆಂಪು ಶಾಯಿಯಲ್ಲಿ ಕೇಳಿ ಕೇಳಿ ನಾನು ಸೋತಿದ್ದೇನೆ. ಘಟ್ಟದ ಮೇಲಿನ ಅಧ್ಯಕ್ಷರು ಇತ್ತೇ ಎಂದು ಕೇಳಿದ್ದರ ಅರ್ಥ, ಪರೀಕ್ಷೆಗೆ ಮೊದಲು ನಿನ್ನ ಹತ್ತಿರ ಪತ್ರಿಕೆ ಇತ್ತೇ ಅಂತ. ಹೆದರಿದ ಹುಡುಗಿಗೆ ಕೇಳಿಸಿದ್ದು, ಪತ್ರಿಕೆ ಇದೆಯೇ ಅಂತ. ಪರೀಕ್ಷೆ ಬರೆದವರೆಲ್ಲ ಪ್ರಶ್ನೆಪತ್ರಿಕೆಯನ್ನು ಮನೆಗೆ ಒಯ್ಯುತ್ತಾರೆ. ಇದೆ ಅಂದಿದ್ದಾಳೆ. ಎಲ್ಲಿಂದ ಅಂದರೆ ಪರೀಕ್ಷೆಯ ಹಾಲ್‌ನಲ್ಲಿ ಕೊಟ್ಟರು ಅಂದಿದ್ದಾಳೆ. ಬರೆದದ್ದನ್ನು ಓದಿ ಸಹಿ ಹಾಕುವಾಗಲೂ ಅವಳ ಕಣ್ಣಿಗೆ ಅದರಲ್ಲಿ ತಪ್ಪು ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪಾಪ, ಭಾಷೆಯ ಗೊಂದಲ ಅಂತ ಮುಗಿಯುತ್ತಿತ್ತು. ಡೌಟ್ ಮಾಷ್ಟ್ರಿಗೆ ಅಲ್ಲಿಗೆ ನಿಲ್ಲಲಾಗಲಿಲ್ಲ. ಅಧ್ಯಕ್ಷರಿಗೆ ಗೊತ್ತಾಗಲಿಲ್ಲ, ಸರಿ. ಆದರೆ ಪಕ್ಕದಲ್ಲೇ ಕೂತಿದ್ದ ಪ್ರಿನ್ಸಿಪಾಲರು ಬೈಂದೂರು ಪಕ್ಕದ ಯಡ್ತರೆಯವರು. ಹುಟ್ಟಿದಾಗಿನಿಂದ ಅವರ ಮನೆಯಲ್ಲಿ ಅದೇ ಮಾತು. ಇತ್ತ್ ಅಂದರೆ ಏನೆಂದು ಅವರಿಗೆ ನಿದ್ದೆಯಲ್ಲೂ ಗೊತ್ತು. ಅವರು ಯಾಕೆ ಬಾಯಿ ಬಿಡಲಿಲ್ಲ? ಅದೇ ಯೋಚನೆಯಲ್ಲಿ ಇನ್ನೊಂದು ನೆನಪಾಯಿತು. ಆ ಟ್ಯೂಶನ್ ಕ್ಲಾಸು ನಡೆಸುತ್ತಿದ್ದವರು ಅವರ ಹೆಂಡತಿಯ ತಮ್ಮ. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ, ಆದರೆ ಕಡತದಲ್ಲಿ ಎಲ್ಲೂ ಇರಲಿಲ್ಲ.

ಈ ಅನುಮಾನವನ್ನು ನಾನು ಯಾರಿಗೂ ಹೇಳಲಿಲ್ಲ. ಪ್ರಶ್ನೆಪತ್ರಿಕೆ ಸೋರುವ ಕಡೆ ಸಮಿತಿಯ ಮಾತೂ ಸೋರುತ್ತದೆ. ಹೇಳಿದ್ದರೆ ಪ್ರಿನ್ಸಿಪಾಲರು ಅರ್ಥವನ್ನೇ ತಿರುಗಿಸುತ್ತಿದ್ದರು, ಓದಿದ ಮಕ್ಕಳು ಹಾಗೆಲ್ಲ ಮಾತಾಡುವುದಿಲ್ಲ ಸರ್, ಇತ್ತು ಅಂದರೆ ಇತ್ತು ಅಂತಲೇ ಅನ್ನುತ್ತಿದ್ದರು. ಅಧ್ಯಕ್ಷರು ಯಾರನ್ನು ನಂಬಬೇಕು?

ಸಭೆಯ ದಿನ ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ಒಳಗೆ ಕರೆದರು. ಅವಳು ಗೋಡೆಯ ಪಕ್ಕ ನಿಂತಳು. ಅಧ್ಯಕ್ಷರು ಹಳೆಯ ಹೇಳಿಕೆ ಓದಿ, ಇನ್ನೇನಾದರೂ ಹೇಳುವುದಿದೆಯಾ ಎಂದು ಕೇಳಿದರು. ಅವಳು ತಾನು ಕದ್ದಿಲ್ಲ ಅಂದಳು. ಪ್ರಿನ್ಸಿಪಾಲರು ಬಹಳ ಮರುಕದಿಂದ, ಬಡವರ ಮನೆಯ ಹುಡುಗಿ, ಒಪ್ಪಿಕೊಂಡಿದ್ದಾಳೆ, ಆದಷ್ಟು ಕಡಿಮೆ ಶಿಕ್ಷೆ ಕೊಡಿ ಸರ್ ಅಂದರು. ನನ್ನ ಮೈ ಉರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೇನೆ. ಮೇಯ್ದ ಬೇಲಿ ಹಸುವಿಗೆ ಕ್ಷಮೆ ಕೊಡಿಸಲು ಹೊರಟದ್ದನ್ನು ಅವತ್ತೇ ನೋಡಿದ್ದು.

ನಾನು ಹಾಳೆ ಹರವಿಕೊಂಡು, ಜೇಬು ತಡವಿದ ಹಾಗೆ ಮಾಡಿ, ಪ್ರಿನ್ಸಿಪಾಲರ ಕಡೆ ವಾಲಿದೆ. ಊರವರು ಊರವರ ಹತ್ತಿರ ಕೇಳುವ ಹಾಗೆ ಕೇಳಿದೆ.

"ನಿಮ್ ಹತ್ರ ಪೆನ್ನ್ ಇತ್ತಾ?"

"ಇತ್ತ್, ತಕಣಿ," ಎಂದು ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು.

ನಾನು ಪೆನ್ನನ್ನು ಅಧ್ಯಕ್ಷರ ಎದುರು ಹಿಡಿದೆ. ಸರ್, ಪ್ರಿನ್ಸಿಪಾಲರು ಈಗ ಏನಂದರು ಎಂದು ಕೇಳಿದೆ. ಇತ್ತು ಅಂದರು ಎಂದರು ಅಧ್ಯಕ್ಷರು. ಪೆನ್ನು ಯಾವಾಗ ಇತ್ತು ಎಂದು ಕೇಳಿದೆ. ಅಧ್ಯಕ್ಷರು ನನ್ನ ಮುಖ ನೋಡಿದರು, ಪೆನ್ನು ನೋಡಿದರು, ಮುಂದಿದ್ದ ಹೇಳಿಕೆ ನೋಡಿದರು. ದಡ್ಡರಲ್ಲ ಅವರು. ಹುಡುಗಿಯ ಕಡೆ ತಿರುಗಿ, ಪ್ರಶ್ನೆಪತ್ರಿಕೆ ಈಗ ಎಲ್ಲಿದೆ ಎಂದು ಕೇಳಿದರು.

"ಇತ್ತ್ ಸರ್, ಚೀಲದಗೇ ಇತ್ತ್," ಎಂದು ಅವಳು ಅದನ್ನು ಹೊರಗೆ ತೆಗೆದಳು. ಬರೆದ ಪ್ರಶ್ನೆಗಳಿಗೆಲ್ಲ ಪೆನ್ಸಿಲಿನ ಗುರುತು ಹಾಕಿದ್ದ, ಎಲ್ಲರ ಮನೆಯಲ್ಲೂ ಇರುವಂಥ ಪ್ರಶ್ನೆಪತ್ರಿಕೆ. ಯಾವಾಗ ಸಿಕ್ಕಿತು ಎಂದರೆ ಪರೀಕ್ಷೆಯ ಹಾಲಿನಲ್ಲಿ, ಬೆಲ್ಲು ಹೊಡೆದ ಮೇಲೆ ಅಂದಳು.

ಅಧ್ಯಕ್ಷರು ಪ್ರಿನ್ಸಿಪಾಲರ ಕಡೆ ತಿರುಗಿದರು. ದನಿ ಎತ್ತಲಿಲ್ಲ.

"ನೀವು ಇದೇ ಊರಿನವರು. ಅವತ್ತೂ ಇಲ್ಲೇ ಕೂತಿದ್ರಿ. ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

ಗಮನಿಸಲಿಲ್ಲ ಎಂದರು ಪ್ರಿನ್ಸಿಪಾಲರು. ಆಮೇಲೆ ನೀರು ಕುಡಿದರು. ಅಧ್ಯಕ್ಷರು ಅಲ್ಲೇ, ಪರೀಕ್ಷೆಯ ದಿನ ಪತ್ರಿಕೆಯ ಲಕೋಟೆ ಯಾರ ಎದುರು ಒಡೆದದ್ದು ಎಂದು ಕೇಳಿದರು. ಇಬ್ಬರು ಮೇಲ್ವಿಚಾರಕರ ಎದುರು ಒಡೆಯಬೇಕು ಎಂಬುದು ನಿಯಮ. ಆ ಇಬ್ಬರನ್ನೂ ಮುಂದಿನ ವಾರ ಕರೆಸಿದೆವು. ಸಹಿ ಹಾಕಿದ್ದು ನಿಜ, ಒಡೆದದ್ದನ್ನು ನೋಡಿಲ್ಲ, ದೊಡ್ಡವರು ಹಾಕಿ ಅಂದರು ಹಾಕಿದೆವು ಎಂದು ಇಬ್ಬರೂ ಹೇಳಿದರು.

ಇಷ್ಟಾದ ಮೇಲೆ ಪ್ರಿನ್ಸಿಪಾಲರಿಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಪರೀಕ್ಷೆಯ ಜವಾಬ್ದಾರಿಯನ್ನು ಅವರಿಂದ ತೆಗೆದರು. ಲಕೋಟೆಯನ್ನು ಅವರೇ ಮೊದಲು ಒಡೆದರು ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇಲ್ಲ ಎಂದು ಉಳಿದದ್ದೆಲ್ಲ ಹಾಗೇ ಮಲಗಿತು. ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿ ಹಾರ ಹಾಕಿದರು. ಆಮಂತ್ರಣ ನನಗೂ ಬಂದಿತ್ತು. ನನಗೆ ಅದರ ಬಗ್ಗೆ ಇವತ್ತಿಗೂ ಸಂಕಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಪಾರದರ್ಶಕತೆ ಎಂದು ಭಾಷಣ ಕೇಳಿದಾಗಲೆಲ್ಲ ನನಗೆ ಆ ಶಾಲು ಕಣ್ಣಮುಂದೆ ಬರುತ್ತದೆ. ಹುಡುಗಿಯ ಫಲಿತಾಂಶ ಬಂತು, ಪಾಸಾದಳು. ಆದರೆ ಆ ವರ್ಷದ ಬಿ.ಎಡ್. ಪ್ರವೇಶ ಮುಗಿದುಹೋಗಿತ್ತು. ಮುಂದಿನ ವರ್ಷ ಸೇರಿದಳು.

ಆದರೆ ಅವತ್ತಿನ ಸಭೆಯಲ್ಲಿ ಇನ್ನೂ ಒಂದು ಕೆಲಸ ಉಳಿದಿತ್ತು. ಹೊಸ ಹೇಳಿಕೆ ಬರೆಸಿ ಅವಳ ಮುಂದಿಟ್ಟು ಸಹಿ ಹಾಕು ಅಂದರು. ಅವಳು ಹಾಕಲಿಲ್ಲ. ಓದಿದಳು. ಒಂದೊಂದು ಶಬ್ದದ ಮೇಲೂ ಬೆರಳಿಟ್ಟು ಮತ್ತೆ ಮೊದಲಿನಿಂದ ಓದಿದಳು. ಗುಮಾಸ್ತರು ಗಡಿಯಾರ ನೋಡಿದರು. ಪ್ರಶ್ನೆಪತ್ರಿಕೆ ನನ್ನ ಬಳಿ ಇದೆ ಎಂದು ಬರೆದಿದ್ದಾರೆ, ಪರೀಕ್ಷೆ ಶುರುವಾದ ಮೇಲೆ ಸಿಕ್ಕಿದ್ದು ಎಂದು ಬರೆದಿಲ್ಲ, ಅದು ಸೇರಬೇಕು ಅಂದಳು. ಸೇರಿಸಿದರು. ನಾನು ಕೈಯಲ್ಲಿದ್ದ ಪೆನ್ನನ್ನು ಅವಳ ಕಡೆ ಚಾಚಿದೆ. ಅದು ಯಾರದ್ದೆಂದು ಅವಳು ನೋಡಿದ್ದಳು. ಬೇಡ ಸರ್ ಎಂದು ತನ್ನ ಚೀಲದಿಂದ ತನ್ನದೇ ಪೆನ್ನು ತೆಗೆದು ಸಹಿ ಮಾಡಿದಳು. ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಆ ವಯಸ್ಸಿನ ಮಕ್ಕಳು ಕಲಿಯಬಾರದ ಪಾಠವನ್ನು ಅವಳಿಗೆ ನಾವೆಲ್ಲ ಸೇರಿ ಕಲಿಸಿದ್ದೆವು.

ಹೊರಗೆ ಬಂದಾಗ ಗುಲಾಬಿ ಬೆಂಚಿನಿಂದ ಎದ್ದು ನಿಂತಳು. ವಿಷಯವನ್ನು ಮಗಳು ಹೇಳಿದಳು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಕೈ ಮುಗಿದಳು.

"ನೀವೊಬ್ರಾರೂ ನಮ್ ಹೆಣ್ಣನ್ ನಂಬಿದ್ರಿ ಮಾಷ್ಟ್ರೆ. ಅಷ್ಟ್ ಸಾಕ್."

ಸುಮ್ಮನೆ ಹೂಂಗುಟ್ಟಿ ಹೋಗಬಹುದಿತ್ತು. ಆದರೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇಲ್ಲಮ್ಮ, ನಾನು ನಂಬಿರಲಿಲ್ಲ, ನಿನ್ನ ಮಗಳ ಮೇಲೂ ನನಗೆ ಅನುಮಾನ ಇತ್ತು, ಪ್ರಿನ್ಸಿಪಾಲರ ಮೇಲೂ ಇತ್ತು, ಅದಕ್ಕೇ ಇಬ್ಬರ ಮಾತನ್ನೂ ಪರೀಕ್ಷಿಸಿದೆ ಅಂದೆ. ಗುಲಾಬಿಯ ಕೈ ಹಾಗೇ ನಿಂತಿತು. ಶ್ಯಾಮಲ ಮಾತ್ರ ನನ್ನ ಮುಖವನ್ನು ನೇರ ನೋಡಿದಳು.

"ನಂಗ್ ಬೇಕಾದ್ದೂ ಅದೇ ಸರ್. ಅವತ್ತ್ ಎಲ್ರೂ ಅನುಮಾನ ಮಾಡಿದ್ದ್ ನನ್ನೊಬ್ಳನ್ನೇ."